ಮಕ್ಕಳ ಪಾದದ ಗಂಟಿನ ಎಲುಬು ಬಿರುಕು ಬಿಟ್ಟರೆ ಪ್ಲಾಸ್ಟರೋ, ಬ್ರೇಸೋ, ಪಟ್ಟಿಯೋ? ಪಾಲಕರಿಗೆ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ಕಾಲು ಹೊರಳಲು ನೆಪ ಬೇಕಿಲ್ಲ. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅದೇ ಮಣ್ಣು ಜಾರುತ್ತದೆ. ಶಾಲೆಯಲ್ಲಿ ಕಬಡ್ಡಿ, ಖೋ ಖೋ. ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿ ಕಬ್ಬು ಎಳೆಯುವ ಹುಡುಗರು. ಪಾದ ಒಳಮಗ್ಗುಲಿಗೆ ಮಡಚಿಕೊಂಡು ಬೀಳುತ್ತಾರೆ, ಹೊರಗಿನ ಗಂಟು ಊದುತ್ತದೆ. ಎಕ್ಸ್-ರೇ ನೋಡಿದ ಡಾಕ್ಟರ್ ‘ಸಣ್ಣ ಕ್ರ್ಯಾಕ್ ಇದೆ, ಸ್ಟೇಬಲ್ ಇದೆ’ ಎನ್ನುತ್ತಾರೆ. ಮುಂದೆ ಏನು ಕಟ್ಟಬೇಕು ಅನ್ನುವಲ್ಲಿ ಮನೆಯವರಿಗೆ ಗೊಂದಲ ಶುರುವಾಗುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ. ಕೂದಲೆಳೆಯಷ್ಟು ಬಿರುಕಿಗೆ ಆರು ವಾರ ಗಟ್ಟಿ ಪ್ಲಾಸ್ಟರ್‌ನಲ್ಲಿದ್ದ ಕಾಲನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಮೀನಖಂಡ ಸೊರಗಿರುತ್ತದೆ, ಗಂಟು ಬಿಗಿದಿರುತ್ತದೆ, ಪಾದ ಊರಲು ಮಗು ಹೆದರುತ್ತದೆ. ಸ್ಟೇಬಲ್ ಮುರಿತದ ಎಷ್ಟೋ ಮಕ್ಕಳಿಗೆ ಅಷ್ಟು ಬಿಗಿ ಬೇಕಿರಲಿಲ್ಲ. ಹಾಗಂತ ಎಲ್ಲ ಮುರಿತಕ್ಕೂ ಪಟ್ಟಿ ಸಾಕು ಅಂತಲ್ಲ. ಯಾವುದಕ್ಕೆ ಯಾವುದು, ಡಾಕ್ಟರ್ ಮುಂದೆ ಕುಳಿತಾಗ ಏನು ಕೇಳಬೇಕು, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಬಿದ್ದ ತಕ್ಷಣ

ಮಗುವನ್ನು ಎಬ್ಬಿಸಿ ನಡೆಸಲು ಹೋಗಬೇಡಿ. ಕುಳಿತಲ್ಲೇ ಶೂ, ಸಾಕ್ಸ್, ಕಾಲ್ಗೆಜ್ಜೆ ತೆಗೆಯಿರಿ. ಬಾವು ಏರಿದ ಮೇಲೆ ಗೆಜ್ಜೆ ತೆಗೆಯುವುದು ಕಷ್ಟ, ಕತ್ತರಿಸಬೇಕಾಗುತ್ತದೆ. ಕಾಲನ್ನು ದಿಂಬಿನ ಮೇಲಿಟ್ಟು ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ಇರಿಸಿ. ಐಸ್ ಇದ್ದರೆ ಟವೆಲ್‌ನಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಬರಿ ಚರ್ಮದ ಮೇಲೆ ಬೇಡ. ಐಸ್ ಇಲ್ಲದಿದ್ದರೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಸಾಕು. ಆಸ್ಪತ್ರೆ ದೂರವಿದ್ದರೆ ಪಾದದ ಎರಡೂ ಬದಿಗೆ ಮಡಚಿದ ಟವೆಲ್ ಅಥವಾ ದಪ್ಪ ರಟ್ಟು ಇಟ್ಟು ಮೇಲೆ ಸಡಿಲವಾಗಿ ಬಟ್ಟೆ ಸುತ್ತಿ.

ಎಣ್ಣೆ ಹಚ್ಚಿ ತಿಕ್ಕಬಾರದು. ‘ಗಂಟು ಜರುಗಿದೆ, ಎಳೆದು ಕೂರಿಸಿದರೆ ಸರಿ ಹೋಗುತ್ತದೆ’ ಎಂದು ಯಾರು ಹೇಳಿದರೂ ಎಳೆಯಲು ಬಿಡಬಾರದು. ನಮ್ಮ ಕಡೆ ಎಲುಬು ಕಟ್ಟುವವರ ಹತ್ತಿರ ಕರೆದೊಯ್ಯುವ ರೂಢಿ ಇನ್ನೂ ಇದೆ. ಹಿರಿಯರ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹಸಿ ಬಾವಿನ ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದರೆ ರಕ್ತ ಓಡುವುದೇ ನಿಲ್ಲಬಹುದು. ಹೀಗೆ ಕಟ್ಟಿಸಿಕೊಂಡು ಪಾದ ಕೊಳೆತು ಕತ್ತರಿಸಬೇಕಾದ ಪ್ರಸಂಗಗಳು ನಮ್ಮ ದೇಶದ ಆಸ್ಪತ್ರೆಗಳಲ್ಲಿ ದಾಖಲಾಗಿವೆ. ಎಕ್ಸ್-ರೇಗೆ ಮುಂಚೆ ಯಾರೂ ಬಿಗಿದು ಕಟ್ಟುವಂತಿಲ್ಲ.

ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಲೆಕ್ಕ ಮಗುವಿನ ತೂಕದ್ದು, ವಯಸ್ಸಿನದ್ದಲ್ಲ. ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 15 ಮಿ.ಗ್ರಾಂ. ಅಂದರೆ 20 ಕೆ.ಜಿ. ಮಗುವಿಗೆ 300 ಮಿ.ಗ್ರಾಂ. ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಸಿರಪ್‌ಗಳು ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತವೆ. 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವುದು ಒಂದು, 250 ಇರುವುದು ಇನ್ನೊಂದು. ಬಾಟಲಿ ಓದದೆ ಚಮಚ ಲೆಕ್ಕದಲ್ಲಿ ಕೊಟ್ಟರೆ ಎರಡು ಪಟ್ಟು ಆಗಿಬಿಡಬಹುದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಎಲುಬು ಚರ್ಮ ಸೀಳಿ ಹೊರಬಂದಿದ್ದರೆ, ಪಾದ ಸೊಟ್ಟಗೆ ತಿರುಗಿದ್ದರೆ, ಬೆರಳು ಬೆಳ್ಳಗೆ ಅಥವಾ ನೀಲಿಯಾಗಿ ತಣ್ಣಗಿದ್ದರೆ ಈ ಲೇಖನ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ಅದು ಸ್ಟೇಬಲ್ ಮುರಿತ ಅಲ್ಲ.

ಹೆಜ್ಜೆ 2: ಎಕ್ಸ್-ರೇ ಬೇಕೇ?

ಹೊರಳಿದ ಪ್ರತಿ ಕಾಲಿಗೂ ಎಕ್ಸ್-ರೇ ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಒಂದು ಸರಳ ನಿಯಮವನ್ನು ಜಗತ್ತಿನ ಬಹುತೇಕ ಡಾಕ್ಟರುಗಳು ಬಳಸುತ್ತಾರೆ. ಒಳಗಂಟು ಅಥವಾ ಹೊರಗಂಟಿನ ಹಿಂಬದಿ ಎಲುಬನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ. ವರೆಗೆ ಒತ್ತಿ ನೋಡುತ್ತಾರೆ. ಒತ್ತಿದಾಗ ನೋವಾದರೆ ಎಕ್ಸ್-ರೇ. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಊರಲಾಗದಿದ್ದರೂ ಎಕ್ಸ್-ರೇ. ಕುಂಟುತ್ತ ಇಟ್ಟರೂ ಅದು ಹೆಜ್ಜೆಯೇ. ಐದು ವರ್ಷ ದಾಟಿದ ಮಕ್ಕಳಲ್ಲಿ ಈ ನಿಯಮ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಿಕ್ಕ ಮಗು ನೋವು ಎಲ್ಲಿದೆ ಎಂದು ಹೇಳಲಾರದು, ಆದ್ದರಿಂದ ಅಲ್ಲಿ ಡಾಕ್ಟರ ಕಣ್ಣೇ ಮುಖ್ಯ.

ಮಕ್ಕಳಿಗೆಂದೇ ಇನ್ನೊಂದು ನಿಯಮ 2001ರಲ್ಲಿ ಬಂತು. ಬಾವು ಮತ್ತು ನೋವು ಹೊರಗಂಟಿನ ತುದಿ ಹಾಗೂ ಅದರ ಸುತ್ತಲಿನ ಲಿಗಮೆಂಟ್‌ಗಳಿಗಷ್ಟೇ (ಎಲುಬುಗಳನ್ನು ಒಂದಕ್ಕೊಂದು ಹಿಡಿದಿಡುವ ನಾರುಪಟ್ಟಿಗಳು) ಸೀಮಿತವಾಗಿದ್ದರೆ, ಅಪಾಯದ ಮುರಿತ ಇರುವ ಸಾಧ್ಯತೆ ಬಹಳ ಕಡಿಮೆ ಎನ್ನುತ್ತದೆ ಅದು. ಒಳಗಂಟಿನಲ್ಲಿ ಅಥವಾ ಮುಂಭಾಗದ ಕೀಲಿನ ಸಾಲಿನಲ್ಲಿ ನೋವಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನೀವು ಮನೆಯಲ್ಲೇ ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ, ಎಲ್ಲಿ ಒತ್ತಿದರೆ ಮಗು ಕಾಲು ಎಳೆದುಕೊಳ್ಳುತ್ತದೆ ಎಂದು ಗುರುತು ಹಾಕಿಕೊಂಡು ಹೋದರೆ ಡಾಕ್ಟರಿಗೆ ಬಹಳ ಉಪಯೋಗ.

ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ ಆದರೆ ಮೊದಲ ಹಂತ ಅಲ್ಲೇ ಮುಗಿಯುತ್ತದೆ. ಮಕ್ಕಳ ಎಲುಬಿನ ಬಗ್ಗೆ ಅನುಮಾನ ಬಂದರೆ ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ ಇವೆ. ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಎಲುಬು-ಕೀಲು ವಿಭಾಗ ಇರುವಂಥವು. ಸ್ಟೇಬಲ್ ಮುರಿತಕ್ಕೆ ಸಾಮಾನ್ಯವಾಗಿ ಅಡ್ಮಿಟ್ ಆಗುವ ಪ್ರಶ್ನೆ ಬರುವುದಿಲ್ಲ, ಹೊರರೋಗಿ ವಿಭಾಗದಲ್ಲೇ ಕೆಲಸ ಮುಗಿಯುತ್ತದೆ.

ಹೆಜ್ಜೆ 3: ಸ್ಟೇಬಲ್ ಅಂದರೆ ಏನು ಎಂದು ತಿಳಿದುಕೊಳ್ಳಿ

ಪಾದದ ಗಂಟನ್ನು ಬಾಗಿಲ ಚೌಕಟ್ಟು ಎಂದುಕೊಳ್ಳಿ. ಒಳಬದಿಯ ಕಂಬ ಟಿಬಿಯಾ, ಅಂದರೆ ಕಾಲಿನ ದಪ್ಪ ಎಲುಬು. ಹೊರಬದಿಯದು ಫಿಬುಲಾ, ತೆಳು ಎಲುಬು. ನಡುವೆ ಪಾದದ ಟೇಲಸ್ ಎಲುಬು ಆಡುತ್ತದೆ. ಹೊರಗಿನ ಕಂಬದ ತುದಿಯಲ್ಲಿ ಚಕ್ಕೆ ಎದ್ದರೆ ಚೌಕಟ್ಟು ಅಲುಗುವುದಿಲ್ಲ. ಎರಡೂ ಬದಿ ಮುರಿದರೆ, ಅಥವಾ ಒಂದು ಬದಿ ಮುರಿದು ಇನ್ನೊಂದು ಬದಿಯ ಲಿಗಮೆಂಟ್ ಹರಿದರೆ ಚೌಕಟ್ಟು ಸಡಿಲವಾಗುತ್ತದೆ. ಮೊದಲನೆಯದು ಸ್ಟೇಬಲ್, ಎರಡನೆಯದು ಅಲ್ಲ.

ಮಕ್ಕಳಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಎಲುಬಿನ ತುದಿಯಲ್ಲಿ ಬೆಳೆಯುವ ಮೃದು ಪದರ ಇರುತ್ತದೆ, ಡಾಕ್ಟರುಗಳು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಎಕ್ಸ್-ರೇಯಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಅದನ್ನೇ ಮುರಿತ ಎಂದುಕೊಂಡು ಗಾಬರಿಯಾಗುವ ಪಾಲಕರು ಬಹಳ. ಕೆಲವು ಮಕ್ಕಳಲ್ಲಿ ಹೊರಗಂಟಿನ ಕೆಳಗೆ ಒಂದು ಪುಟ್ಟ ಪ್ರತ್ಯೇಕ ಎಲುಬು ಇರುತ್ತದೆ. ಅದೂ ಚಕ್ಕೆ ಎದ್ದಂತೆ ಕಾಣಬಹುದು.

ಗ್ರೋತ್ ಪ್ಲೇಟ್ ಮುರಿತಗಳನ್ನು ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಟೊರೊಂಟೊದ ಇಬ್ಬರು ಡಾಕ್ಟರುಗಳು 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಇಂದಿಗೂ ನಿಮ್ಮ ಚೀಟಿಯಲ್ಲಿ ಸಾಲ್ಟರ್-ಹ್ಯಾರಿಸ್ 1, 2 ಎಂದು ಬರೆದಿರುತ್ತದೆ. ಒಂದನೆಯದು ಪದರದ ಉದ್ದಕ್ಕೂ ಹೋದ ಬಿರುಕು. ಎರಡನೆಯದು ಪದರದಿಂದ ಮೇಲಕ್ಕೆ, ಎಲುಬಿನ ಕಡೆಗೆ ಹೋದದ್ದು. ಮೂರು ಮತ್ತು ನಾಲ್ಕು ಕೀಲಿನ ಒಳಗೆ ಇಳಿಯುತ್ತವೆ. ಐದನೆಯದು ಪದರ ಜಜ್ಜಿಹೋದದ್ದು. ಫಿಬುಲಾದಲ್ಲಿ 1 ಅಥವಾ 2, ಜರುಗಿಲ್ಲ ಎಂದರೆ ನೆಮ್ಮದಿಯಾಗಿರಿ. ಟಿಬಿಯಾದಲ್ಲಿ 3 ಅಥವಾ 4 ಎಂದು ಬರೆದಿದ್ದರೆ ಅದು ಬೇರೆಯೇ ದಾರಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊರಗಂಟು ಊದಿ, ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ‘ಗ್ರೋತ್ ಪ್ಲೇಟ್‌ಗೆ ಪೆಟ್ಟಾಗಿರಬಹುದು’ ಎಂದು ಪ್ಲಾಸ್ಟರ್ ಹಾಕುವ ಪದ್ಧತಿ ವರ್ಷಾನುಗಟ್ಟಲೆ ನಡೆದಿದೆ. 2016ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಅಂಥ 135 ಮಕ್ಕಳಿಗೆ ಎಂಆರ್‌ಐ ಮಾಡಿ ನೋಡಿದರು. ಗ್ರೋತ್ ಪ್ಲೇಟ್ ಮುರಿದದ್ದು 4 ಮಕ್ಕಳಲ್ಲಿ ಮಾತ್ರ. ಹೆಚ್ಚಿನವರಿಗೆ ಆಗಿದ್ದು ಲಿಗಮೆಂಟ್ ಪೆಟ್ಟು, ಅಂದರೆ ಉಳುಕು. ಮಕ್ಕಳ ಕಾಲು ಉಳುಕುವುದಿಲ್ಲ, ಮುರಿಯುತ್ತದೆ ಅಷ್ಟೇ ಎಂಬ ಹಳೆಯ ಮಾತು ಇಲ್ಲಿಗೆ ಬಿದ್ದುಹೋಯಿತು.

ಡಾಕ್ಟರ ಮುಂದೆ ಮೂರು ಪ್ರಶ್ನೆ ಕೇಳಿ. ಮುರಿದಿರುವುದು ಫಿಬುಲಾನೋ ಟಿಬಿಯಾನೋ? ಎಲುಬು ಜರುಗಿದೆಯೇ? ಬಿರುಕು ಕೀಲಿನ ಒಳಗೆ ಹೋಗಿದೆಯೇ? ಫಿಬುಲಾ, ಜರುಗಿಲ್ಲ, ಕೀಲಿಗೆ ಹೋಗಿಲ್ಲ ಎಂಬ ಉತ್ತರ ಬಂದರೆ ಮುಂದಿನ ಹೆಜ್ಜೆಯ ಹೋಲಿಕೆ ನಿಮ್ಮ ಮಗುವಿಗೆ ಪೂರ್ತಿ ಅನ್ವಯಿಸುತ್ತದೆ.

12ರಿಂದ 15 ವರ್ಷದ ಮಕ್ಕಳ ಪಾಲಕರು ಸ್ವಲ್ಪ ಹೆಚ್ಚು ಎಚ್ಚರದಿಂದಿರಿ. ಈ ವಯಸ್ಸಿನಲ್ಲಿ ಟಿಬಿಯಾದ ಪದರ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಮೊದಲು ನಡುವೆ, ಆಮೇಲೆ ಒಳಬದಿ, ಕೊನೆಗೆ ಹೊರಬದಿ. ಅರ್ಧ ಮುಚ್ಚಿದ ಹೊತ್ತಿನಲ್ಲಿ ಕಾಲು ತಿರುಚಿದರೆ ಟಿಲೋ, ಟ್ರೈಪ್ಲೇನ್ ಎಂಬ ಮುರಿತಗಳಾಗುತ್ತವೆ. ಎಕ್ಸ್-ರೇಯಲ್ಲಿ ಇವು ಸಣ್ಣವಾಗಿ ಕಾಣುತ್ತವೆ, ಆದರೆ ಕೀಲಿನೊಳಗೆ ಇಳಿದಿರುತ್ತವೆ. ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಕೀಲಿನ ಮೇಲ್ಮೈಯಲ್ಲಿ 2 ಮಿ.ಮೀ.ಗಿಂತ ಹೆಚ್ಚು ಸಂದು ಬಿದ್ದಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡುತ್ತಾರೆ. ಈ ವಯಸ್ಸಿನವರಿಗೆ ಗಂಟಿನ ಮುಂಭಾಗದಲ್ಲಿ ನೋವಿದ್ದರೆ ‘ಉಳುಕಿದೆ’ ಎಂಬ ಮಾತಿಗೆ ಸುಮ್ನೆ ತಲೆಯಾಡಿಸಿ ಮನೆಗೆ ಬರಬೇಡಿ.

ಹೆಜ್ಜೆ 4: ಚಿಕಿತ್ಸೆಗಳನ್ನು ಹೋಲಿಸಿ ನೋಡಿ

ಮೊದಲು ಗಟ್ಟಿ ಪ್ಲಾಸ್ಟರ್. ಇದರಲ್ಲಿ ಎರಡು ಬಗೆ. ಬಿಳಿ ಪ್ಲಾಸ್ಟರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಪಾದದ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ. ಆದರೆ ಭಾರ, ನೀರು ತಾಗಿದರೆ ಹಾಳು, ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಫೈಬರ್ ಪ್ಲಾಸ್ಟರ್ ಹಗುರ, ಗಟ್ಟಿ, ಅರ್ಧ ತಾಸಿನೊಳಗೆ ಗಡುಸಾಗುತ್ತದೆ, ಬೆಲೆ ಜಾಸ್ತಿ. ಮೇಲೆ ನೀರು ಬಿದ್ದರೆ ಫೈಬರ್‌ಗೆ ಏನೂ ಆಗುವುದಿಲ್ಲ, ಆದರೆ ಒಳಗಿನ ಹತ್ತಿ ನೆನೆದು ಚರ್ಮ ಕೆಡುತ್ತದೆ. ಆದ್ದರಿಂದ ‘ಫೈಬರ್ ಹಾಕಿಸಿದ್ದೇವೆ, ಸ್ನಾನ ಮಾಡಿಸಬಹುದು’ ಎಂದುಕೊಳ್ಳಬೇಡಿ. ಎರಡೂ ಬಗೆಗೆ ಒಂದೇ ಗುಣ: ಮಗು ಬಿಚ್ಚಲಾರದು. ಎರಡಕ್ಕೂ ಒಂದೇ ದೋಷ: ಗಂಟು ಒಂದಿಷ್ಟೂ ಆಡುವುದಿಲ್ಲ, ಹಾಗಾಗಿ ಬಿಗಿತ ಮತ್ತು ಸೊರಗು ತಪ್ಪಿದ್ದಲ್ಲ.

ಸ್ಲ್ಯಾಬ್ ಅಂದರೆ ಅರ್ಧ ಪ್ಲಾಸ್ಟರ್. ಹಿಂದೆ ಗಟ್ಟಿ ಪಟ್ಟಿ, ಮುಂದೆ ಬ್ಯಾಂಡೇಜ್. ಮೊದಲ ಕೆಲವು ದಿನ ಬಾವು ಏರುವಾಗ ಇದು ಸುರಕ್ಷಿತ, ಏಕೆಂದರೆ ಬಾವಿಗೆ ಜಾಗ ಇರುತ್ತದೆ. ಅಪಘಾತ ವಿಭಾಗದಲ್ಲಿ ಮೊದಲ ರಾತ್ರಿ ಸ್ಲ್ಯಾಬ್ ಹಾಕಿ ಕಳಿಸಿದರೆ ಅದು ಸರಿಯಾದ ಕ್ರಮವೇ.

ಆಂಕಲ್ ಬ್ರೇಸ್ ಮೂರನೆಯದು. ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ರೆಕ್ಕೆ, ಒಳಗೆ ಗಾಳಿ ಅಥವಾ ಮೆತ್ತೆ, ಮೇಲೆ ಅಂಟುಪಟ್ಟಿ. ಪಾದ ಒಳಕ್ಕೆ ಹೊರಕ್ಕೆ ಹೊರಳದಂತೆ ತಡೆಯುತ್ತದೆ, ಮೇಲೆ ಕೆಳಗೆ ಆಡಲು ಬಿಡುತ್ತದೆ. ಶೂ ಒಳಗೆ ಹಾಕಿಕೊಳ್ಳಬಹುದು, ಸ್ನಾನಕ್ಕೆ ಬಿಚ್ಚಬಹುದು. ಮುರಿದ ತುದಿಗೆ ಬೇಕಾದ ರಕ್ಷಣೆ ಇದೆ, ಬೇಡದ ಬಿಗಿತ ಇಲ್ಲ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಟೊರೊಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಕಡಿಮೆ ಅಪಾಯದ ಮುರಿತವಿದ್ದ 104 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಬ್ರೇಸ್, ಇನ್ನೊಂದಕ್ಕೆ ಹಾಕಿಕೊಂಡೇ ನಡೆಯಬಹುದಾದ ಫೈಬರ್ ಪ್ಲಾಸ್ಟರ್. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾಲ್ಕು ವಾರಕ್ಕೆ ಮೊದಲಿನ ಚಟುವಟಿಕೆಗೆ ಮರಳಿದವರು ಬ್ರೇಸ್ ಗುಂಪಿನಲ್ಲಿ ನೂರಕ್ಕೆ ಸುಮಾರು 80, ಪ್ಲಾಸ್ಟರ್ ಗುಂಪಿನಲ್ಲಿ ಸುಮಾರು 60. ಒಟ್ಟು ಖರ್ಚಿನ ಲೆಕ್ಕದಲ್ಲೂ ಬ್ರೇಸ್ ಮೇಲು ಎಂದು ಕಂಡಿತು.

ನಾಲ್ಕನೆಯದು ಎಲಾಸ್ಟಿಕ್ ಪಟ್ಟಿ ಮತ್ತು ಊರುಗೋಲು. ಕಾಲಿಗೆ ಏರಿಸುವ ಕೊಳವೆಯಂಥ ಎಲಾಸ್ಟಿಕ್ ಬ್ಯಾಂಡೇಜ್ ಇದು. ಫಿಬುಲಾದ ಸಾಲ್ಟರ್-ಹ್ಯಾರಿಸ್ ಒಂದನೇ ಬಗೆಯ ಮುರಿತ ಎಂದು ಗುರುತಿಸಿದ ಮಕ್ಕಳಲ್ಲಿ ಇದನ್ನು ಬಿಳಿ ಪ್ಲಾಸ್ಟರ್ ಜೊತೆ ಹೋಲಿಸಿದ ಒಂದು ಅಧ್ಯಯನವಿದೆ. ಪಟ್ಟಿ ಕಟ್ಟಿದ ಮಕ್ಕಳು ಸರಾಸರಿ 14 ದಿನಕ್ಕೆ ದಿನನಿತ್ಯದ ಚಟುವಟಿಕೆಗೆ ಮರಳಿದರು, ಪ್ಲಾಸ್ಟರ್ ಹಾಕಿದವರಿಗೆ 20 ದಿನ ಹಿಡಿಯಿತು. ನಮ್ಮಲ್ಲಿ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕ್ರೇಪ್ ಬ್ಯಾಂಡೇಜ್ ಸುತ್ತುವಾಗ ಒಂದು ಎಚ್ಚರ ಬೇಕು. ಬೆರಳಿನ ಬುಡದಿಂದ ಶುರು ಮಾಡಿ ಮೇಲಕ್ಕೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ, ಹೆಚ್ಚು ಎಳೆಯದೆ ಸುತ್ತಿ. ಗಂಟಿನ ಮೇಲಷ್ಟೇ ಬಿಗಿದರೆ ಪಾದ ಊದಿಕೊಳ್ಳುತ್ತದೆ. ರಾತ್ರಿ ಬಿಚ್ಚಿಡಿ.

ವಾಕರ್ ಬೂಟ್ ಕೊನೆಯದು, ಮೊಣಕಾಲಿನ ಕೆಳಗಿನವರೆಗೆ ಬರುವ ಬಿಚ್ಚುವ ಬೂಟು. ನೋವು ಜಾಸ್ತಿ ಇರುವ ದೊಡ್ಡ ಮಕ್ಕಳಿಗೆ ಒಳ್ಳೆಯದು. ಚಿಕ್ಕ ಅಳತೆ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಸಡಿಲ ಬೂಟು ಹಾಕಿಸುವುದಕ್ಕಿಂತ ಬೇರೆ ದಾರಿ ನೋಡುವುದು ಮೇಲು.

ಈ ಪುರಾವೆ ಎಷ್ಟು ಗಟ್ಟಿ? ಪ್ರಾಮಾಣಿಕವಾಗಿ ಹೇಳಬೇಕು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 2016ರಲ್ಲಿ ಮಕ್ಕಳ ಪಾದದ ಗಂಟಿನ ಮುರಿತದ ಚಿಕಿತ್ಸೆಗಳನ್ನು ಪರಿಶೀಲಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಅಧ್ಯಯನ, ಒಟ್ಟು 189 ಮಕ್ಕಳು. ಪುರಾವೆಯ ಗುಣಮಟ್ಟ ಕಡಿಮೆ ಎಂದೇ ಅದು ಹೇಳಿತು. ಆದರೂ ಮೂರೂ ಹೋಲಿಸಿದ್ದು ಬಿಚ್ಚಬಹುದಾದ ಆಧಾರವನ್ನು ಗಟ್ಟಿ ಆಧಾರದ ಜೊತೆಗೆ. ಬೇಗ ಚೇತರಿಸಿಕೊಂಡದ್ದಕ್ಕೆ ಸೂಚನೆ ಸಿಕ್ಕಿದ್ದು ಬಿಚ್ಚಬಹುದಾದ ಆಧಾರದ ಕಡೆಗೆ. ನಾನು ಅದೇ ಪಕ್ಷ.

ಟಿಬಿಯಾದ ಗ್ರೋತ್ ಪ್ಲೇಟ್ ಮುರಿತಕ್ಕೆ ಈ ಫಲಿತಾಂಶಗಳನ್ನು ಎಳೆದು ತರಬೇಡಿ. ಜರುಗದಿದ್ದರೂ ಅಲ್ಲಿ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಹಾಕುವುದೇ ರೂಢಿ, ವಾರದೊಳಗೆ ಇನ್ನೊಂದು ಎಕ್ಸ್-ರೇ ತೆಗೆದು ಎಲುಬು ಜರುಗಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ.

ಹೆಜ್ಜೆ 5: ನಿಮ್ಮ ಮಗುವಿಗೆ, ನಿಮ್ಮ ಮನೆಗೆ ಯಾವುದು?

ಕಾಗದದ ಮೇಲೆ ಬ್ರೇಸ್ ಗೆದ್ದರೂ ಮನೆ ಮನೆಗೆ ಲೆಕ್ಕ ಬೇರೆ. ಐದು ವರ್ಷದ ತುಂಟ ಮಗು ಬ್ರೇಸ್ ಬಿಚ್ಚಿ ಎಸೆದು ಮಾಳಿಗೆ ಹತ್ತುವಂಥದ್ದಾದರೆ, ಮನೆಯಲ್ಲಿ ಹಗಲು ನೋಡಿಕೊಳ್ಳುವವರಿಲ್ಲದೆ ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋಗುವವರಾದರೆ, ಎರಡು ಮೂರು ವಾರದ ಪ್ಲಾಸ್ಟರ್ ತಪ್ಪು ಆಯ್ಕೆಯಲ್ಲ. ನೋವು ತಡೆಯಲಾರದೆ ಅಳುವ ಮಗುವಿಗೆ ಮೊದಲ ವಾರ ಸ್ಲ್ಯಾಬ್ ಹಾಕಿ ಆಮೇಲೆ ಬ್ರೇಸ್‌ಗೆ ಬದಲಿಸಬಹುದು. ಇದನ್ನು ಡಾಕ್ಟರ ಹತ್ತಿರ ಕೇಳಲು ಸಂಕೋಚ ಬೇಡ.

ಪಾಯಿಖಾನೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆಯೇ ಹೆಚ್ಚು. ಗಟ್ಟಿ ಪ್ಲಾಸ್ಟರ್ ಹಾಕಿದ ಕಾಲಲ್ಲಿ ಹಾಗೆ ಕೂರಲು ಆಗುವುದೇ ಇಲ್ಲ, ಬ್ರೇಸ್‌ನಲ್ಲೂ ಮೊದಲ ವಾರ ನೋವು. ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಪಾಯಿಖಾನೆಯ ಮೇಲೆ ಇಟ್ಟರೆ ಮುಗಿಯಿತು. ಹಾಗೆಯೇ ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಬೇಡ, ಕುರ್ಚಿ ಅಥವಾ ಮಂಚದ ಮೇಲೆ ಕಾಲು ಚಾಚಿ ಕೂರಿಸಿ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುತ್ತದೆ. ಪ್ಲಾಸ್ಟರ್ ಒಳಗೆ ಬೆವರಿ, ನವೆ ಏರಿ ಮಕ್ಕಳು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಬೇಸಿಗೆಯಲ್ಲಿ ಬಿದ್ದ ಮಗುವಿಗೆ ಬಿಚ್ಚುವ ಆಧಾರ ಸಿಕ್ಕರೆ ದೊಡ್ಡ ಉಪಕಾರ.

ಮನೆಯ ಹಿರಿಯರ ಮಾತನ್ನೂ ಎದುರಿಸಬೇಕಾಗುತ್ತದೆ. ‘ಎಲುಬು ಮುರದೈತಿ ಅಂದು ಬರೀ ಪಟ್ಟಿ ಕಟ್ಟಿ ಕಳಿಸ್ಯಾರಲ್ರಿ’ ಎಂದು ಅಜ್ಜಿಯರು ಕೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಅವರ ಭಯ ಪ್ರೀತಿಯದ್ದು. ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಕ್ಸ್-ರೇ ತೋರಿಸಿ ವಿವರಿಸಲು ಕೇಳಿಕೊಳ್ಳಿ. ಅರ್ಥವಾದರೆ ಮಗುವನ್ನು ಹಿಡಿದು ಕೂರಿಸುವವರೂ ಅವರೇ.

ಖರ್ಚಿನ ಬಗ್ಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಸಿಗಬಹುದು, ಬ್ರೇಸ್ ಹೊರಗೆ ಕೊಳ್ಳಬೇಕಾಗಬಹುದು. ಕೊಳ್ಳುವಾಗ ಮಗುವನ್ನು ಕರೆದೊಯ್ದು ಅಳತೆ ನೋಡಿಯೇ ತನ್ನಿ. ಆಪರೇಷನ್ ಬೇಕಾಗುವ ಮುರಿತವಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ.

ಹೆಜ್ಜೆ 6: ಕಟ್ಟಿದ ಮೇಲೆ ಮನೆಯಲ್ಲಿ

ಮೊದಲ ಎರಡು ದಿನ ಕಾಲು ಮೇಲೆತ್ತಿ ಇಡುವುದೇ ದೊಡ್ಡ ಔಷಧ. ಹಸಿ ಬಿಳಿ ಪ್ಲಾಸ್ಟರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಬೇಡಿ, ಬೆರಳಿಂದ ಒತ್ತಿ ಕುಳಿ ಬೀಳಿಸಬೇಡಿ. ಫ್ಯಾನಿನ ಗಾಳಿಗೆ ಒಣಗಲಿ. ನವೆ ಎಂದು ಕಡ್ಡಿ, ಸ್ಕೇಲು, ಹೆಣಿಗೆ ಸೂಜಿ ತೂರಿಸಿದರೆ ಗಾಯವಾಗಿ ಒಳಗೇ ಕೀವಾಗುತ್ತದೆ. ಪೌಡರ್ ಹಾಕಬಾರದು. ಹೊರಗಿನಿಂದ ಮೆಲ್ಲಗೆ ತಟ್ಟಿ, ಟೇಬಲ್ ಫ್ಯಾನ್ ಬಿಡಿ.

ಈ ಲಕ್ಷಣಗಳನ್ನು ಗೋಡೆಗೆ ಬರೆದಂತೆ ನೆನಪಿಡಿ. ಔಷಧ ಕೊಟ್ಟರೂ ನೋವು ಏರುತ್ತಲೇ ಇದೆ. ಬೆರಳನ್ನು ನೀವು ಮೆಲ್ಲಗೆ ಮೇಲಕ್ಕೆತ್ತಿದರೆ ಮಗು ಕಿರುಚುತ್ತದೆ. ಬೆರಳು ತಣ್ಣಗೆ, ಬೆಳ್ಳಗೆ ಅಥವಾ ನೀಲಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳುವುದಿಲ್ಲ. ಜೋಮು. ಚಿಕ್ಕ ಮಕ್ಕಳು ಇದನ್ನು ಬಾಯಲ್ಲಿ ಹೇಳಲಾರರು. ಕಾರಣವಿಲ್ಲದೆ ಚಡಪಡಿಸುತ್ತಾರೆ, ಮತ್ತೆ ಮತ್ತೆ ಔಷಧ ಕೇಳುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಪಟ್ಟಿಯಾಗಿದ್ದರೆ ಕೂಡಲೇ ಬಿಚ್ಚಿ. ಪ್ಲಾಸ್ಟರಾದರೆ ಅಲ್ಲಿ ಸೀಳಿಸಬೇಕು. ಕೆಟ್ಟ ವಾಸನೆ, ಜ್ವರ ಅಥವಾ ಒಳಗಿನಿಂದ ಒದ್ದೆ ಕಂಡರೂ ಅದೇ ದಿನ ತೋರಿಸಿ.

ಊರುಗೋಲು ಬಳಸುವ ಮಗುವಿಗೆ ಕಂಕುಳಿನ ಕೆಳಗೆ ಎರಡು ಬೆರಳಿನ ಜಾಗ ಇರಬೇಕು. ಭಾರ ಅಂಗೈ ಮೇಲೆ, ಕಂಕುಳ ಮೇಲಲ್ಲ. ಏಳೆಂಟು ವರ್ಷದೊಳಗಿನವರಿಗೆ ಊರುಗೋಲಿಗಿಂತ ನಾಲ್ಕು ಕಾಲಿನ ವಾಕರ್ ಸುಲಭ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಹೆದರಿಕೆಯಾದರೆ ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಜರುಗಲಿ. ಶಾಲೆಗೆ ಹೇಳಿ ನೆಲಮಹಡಿಯ ಕೋಣೆ ಕೊಡಿಸಿ.

ಊಟದಲ್ಲಿ ವಿಶೇಷ ಏನೂ ಬೇಡ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಹಾಲು, ತಿನ್ನುವವರಾದರೆ ಮೊಟ್ಟೆ. ಎಲುಬು ಕೂಡಲು ಇಷ್ಟು ಸಾಕು. ವಿಟಮಿನ್ ಡಿ ಕಡಿಮೆ ಇದೆ ಎಂದು ಡಾಕ್ಟರ್ ಹೇಳಿದರೆ ಮಾತ್ರ ಅವರು ಹೇಳಿದಷ್ಟೇ ಕೊಡಿ.

ಹೆಜ್ಜೆ 7: ಪಾದ ಊರುವುದು, ಓಡುವುದು

ಸ್ಟೇಬಲ್ ಫಿಬುಲಾ ಮುರಿತದಲ್ಲಿ ನೋವು ತಾಳುವಷ್ಟು ಭಾರ ಊರಲು ಮೊದಲ ವಾರದಿಂದಲೇ ಅನುಮತಿ ಸಿಗುತ್ತದೆ. ಬ್ರೇಸ್ ಅಥವಾ ಪಟ್ಟಿ ಹಾಕಿದ ಮಕ್ಕಳಿಗೆ ದಿನಕ್ಕೆ ಮೂರು ಸಲ ಪಾದವನ್ನು ಮೇಲೆ ಕೆಳಗೆ ಹತ್ತು ಹತ್ತು ಬಾರಿ ಆಡಿಸಲು ಹೇಳಿ. ಒಂದು ವಾರ ಕಳೆದು ಬಾವು ಇಳಿದ ಮೇಲೆ ಹೆಬ್ಬೆರಳಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಲಿ. ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ, ಗಂಟು ಎಲ್ಲ ದಿಕ್ಕಿಗೂ ಆಡುತ್ತದೆ.

ಪ್ಲಾಸ್ಟರ್ ಬಿಚ್ಚುವ ದಿನ ಮಗು ಯಂತ್ರದ ಸದ್ದಿಗೆ ಹೆದರುತ್ತದೆ. ಆ ಗರಗಸ ತಿರುಗುವುದಿಲ್ಲ, ನಡುಗುತ್ತದೆ ಅಷ್ಟೇ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆಯ ಚರ್ಮ ಅದರ ಜೊತೆಗೇ ನಡುಗುವುದರಿಂದ ಸಾಮಾನ್ಯವಾಗಿ ಗಾಯವಾಗುವುದಿಲ್ಲ. ಬಿಸಿ ಅನ್ನಿಸಿದರೆ ಹೇಳು ಎಂದು ಮೊದಲೇ ತಿಳಿಸಿ, ಕಿವಿ ಮುಚ್ಚಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಒಳಗಿನ ಚರ್ಮ ಒಣಗಿ ಪದರ ಪದರವಾಗಿ ಏಳುತ್ತದೆ, ರೋಮ ಹೆಚ್ಚು ಕಾಣುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಸವರಿ. ತಿಕ್ಕಿ ಸುಲಿಯಬೇಡಿ.

ನಡಿಗೆ ಸರಿಯಾದ ಮೇಲೆ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿ. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಕೊನೆಗೆ ಕಣ್ಣು ಮುಚ್ಚಿ. ಇದನ್ನು ಬಿಟ್ಟರೆ ಮತ್ತೆ ಅದೇ ಕಾಲು ಹೊರಳುತ್ತದೆ. ಬೇರೆ ಯಾವುದು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ನಾನು ಎಲ್ಲ ಪಾಲಕರಿಗೂ ಕೈಮುಗಿದು ಹೇಳುತ್ತೇನೆ.

ಮೈದಾನಕ್ಕೆ ಯಾವಾಗ? ತಾರೀಖು ನೋಡಬೇಡಿ, ಕಾಲು ನೋಡಿ. ಪೆಟ್ಟಾದ ಒಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ, ಕುಂಟದೆ ಓಡುತ್ತಾನೆ, ಓಡುತ್ತಲೇ ಪಕ್ಕಕ್ಕೆ ತಿರುಗುತ್ತಾನೆ ಎಂದರೆ ಆಡಬಹುದು. ಹೆಚ್ಚಿನ ಮಕ್ಕಳಿಗೆ ಇದು ನಾಲ್ಕರಿಂದ ಎಂಟು ವಾರದ ನಡುವೆ ಬರುತ್ತದೆ. ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆಯುವುದರಿಂದ ಕೊನೆಗೆ ಅದು. ಮೊದಲ ಕೆಲವು ವಾರ ಲೇಸ್ ಕಟ್ಟುವ ಬ್ರೇಸ್ ಹಾಕಿಕೊಂಡು ಆಡಿದರೆ ಒಳ್ಳೆಯದು.

ಹೆಜ್ಜೆ 8: ಮತ್ತೆ ಯಾವಾಗ ತೋರಿಸಬೇಕು

ಫಿಬುಲಾ ತುದಿಯ ಸ್ಟೇಬಲ್ ಮುರಿತಕ್ಕೆ ಮೇಲಿಂದ ಮೇಲೆ ಎಕ್ಸ್-ರೇ ಬೇಕಿಲ್ಲ. ಮೂರು ನಾಲ್ಕು ವಾರಕ್ಕೂ ನಡಿಗೆ ಸರಿಯಾಗದಿದ್ದರೆ, ನೋವು ರಾತ್ರಿ ಎಬ್ಬಿಸಿದರೆ ಹೋಗಿ. ಟಿಬಿಯಾದ ಗ್ರೋತ್ ಪ್ಲೇಟ್‌ಗೆ ಪೆಟ್ಟಾಗಿದ್ದ ಮಗುವಿನ ಕಥೆ ಬೇರೆ. ಆ ಪದರ ವರ್ಷಕ್ಕೆ ಸುಮಾರು 3ರಿಂದ 4 ಮಿ.ಮೀ. ಕಾಲು ಬೆಳೆಸುತ್ತದೆ. ಒಂದು ಬದಿ ಬೆಳವಣಿಗೆ ನಿಂತರೆ ಪಾದ ಮೆಲ್ಲಗೆ ವಾಲುತ್ತದೆ. ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ, ಡಾಕ್ಟರ್ ಹೇಳಿದರೆ ಒಂದೆರಡು ವರ್ಷದವರೆಗೆ ತೋರಿಸುತ್ತಿರಿ. ಮನೆಯಲ್ಲಿ ನೀವೂ ನೋಡಬಹುದು. ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ಎರಡೂ ಹಿಮ್ಮಡಿ ನೋಡಿ, ಒಂದು ಹೆಚ್ಚು ವಾಲಿದೆಯೇ? ಚಪ್ಪಲಿ ಒಂದೇ ಬದಿಗೆ ಸವೆಯುತ್ತಿದೆಯೇ? ಅನುಮಾನ ಬಂದರೆ ಹಳೆಯ ಎಕ್ಸ್-ರೇ ಫಿಲ್ಮ್‌ಗಳ ಜೊತೆ ಹೋಗಿ. ಫಿಲ್ಮ್ ಬಿಸಿಲಿಗೆ, ಒದ್ದೆಗೆ ಹಾಳಾಗುತ್ತದೆ. ತೆಗೆಸಿದ ದಿನವೇ ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು, ತಾರೀಖು ಬರೆದು ಇಟ್ಟುಕೊಳ್ಳಿ.